ಅಕ್ಕನ ಹೆಸರಿನ ಅಂಗಡಿ

ಬಣ್ಣದಂಗಡಿಯವನಿಗೆ ಅಪ್ಪ ಅಮ್ಮ ಎರಡೂ ಆಗಿದ್ದವಳು ಅವನಕ್ಕ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಮದುವೆಯ ಗೋಜಿಗೆ ಹೋಗದೆ ತಮ್ಮನನ್ನು ಓದಿಸಿ, ಅಂಗಡಿ ಹಾಕಿಕೊಟ್ಟವಳು. ಅಂಥವಳ ಹೆಸರಿನಲ್ಲೇ ಅವನು ಇನ್ನೊಂದು ಅಂಗಡಿ ಹುಟ್ಟುಹಾಕಿದ್ದ. ಅದಕ್ಕೆ ಬಾಗಿಲಿರಲಿಲ್ಲ, ಗೋದಾಮಿರಲಿಲ್ಲ. ಇದ್ದದ್ದು ಒಂದು ಬಿಲ್ ಪುಸ್ತಕ. ಅಲ್ಲಿಂದ ಮಾಲು ಕೊಂಡಂತೆ ಸುಳ್ಳು ಬಿಲ್ಲು ಬರೆದು, ತನ್ನ ಲಾಭ ಕಡಿಮೆ ತೋರಿಸಿ, ಮೂರು ವರ್ಷ ತೆರಿಗೆ ತಪ್ಪಿಸಿದ. "ಪಿಂಚಣಿ ಕಾಗದ ಅಕ್ಕ, ಇಲ್ಲೊಂದು ಸಹಿ" ಅಂದರೆ ಸಾಕು, ಅವಳು ಕನ್ನಡಕ ಹುಡುಕುವ ಗೊಡವೆಗೂ ಹೋಗದೆ ಹಾಕಿಬಿಡುತ್ತಿದ್ದಳು.

ಬಿಲ್ಲಿನಲ್ಲಿ ಮಾರಿದವಳು ಅವಳು, ಹಾಗಾಗಿ ತೆರಿಗೆಯ ನೋಟಿಸು ಅವಳ ಹೆಸರಿಗೇ ಬಂತು. ವಿಳಾಸ ಮಾತ್ರ ಅವನ ಅಂಗಡಿಯದು. ಬಂದ ನಾಲ್ಕು ನೋಟಿಸನ್ನೂ ಅವನು ಖಾನೆಗೆ ತುರುಕಿ ಕಣ್ಣು ಮುಚ್ಚಿ ಕುಳಿತ.

ಒಂದು ಬೆಳಿಗ್ಗೆ ಅಕ್ಕ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. ಕಣ್ಣಿನ ಪೊರೆ ತೆಗೆಸಲು ಹಣ ಬೇಕೆಂದು ಬ್ಯಾಂಕಿಗೆ ಹೋಗಿದ್ದಳಂತೆ.

"ನನ್ನ ಖಾತೆ ಜಪ್ತಿ ಆಗಿದೆಯಂತೆ ಕಣೋ! ಕೌಂಟರಿನಲ್ಲಿದ್ದ ಹುಡುಗಿ ನನ್ನ ಹತ್ತಿರಾನೇ ಓದಿದವಳು. ಪಾಪ, ಹೇಳೋಕೆ ಅವಳಿಗೇ ನಾಚಿಕೆ. ಯಾರದೋ ಲೆಕ್ಕ ನನ್ನ ತಲೆಗೆ ಕಟ್ಟಿದ್ದಾರೆ. ನೀನು ವ್ಯಾಪಾರದವನು, ನಿನಗೆ ಗೊತ್ತಾಗುತ್ತೆ, ಬಾ."

ಹಿಂದಿನ ವಾರವಷ್ಟೇ ಅವನು ಗುಟ್ಟಾಗಿ ಒಬ್ಬ ವಕೀಲನನ್ನು ಕಂಡು ಬಂದಿದ್ದ. ವಕೀಲ ಹೇಳಿದ್ದ: "ನಿಮ್ಮಕ್ಕ ಒಪ್ಪಿಕೊಂಡರೆ ಸಲೀಸು. ವಯಸ್ಸಾದವರು, ದಂಡದಲ್ಲೇ ಮುಗಿಯಬಹುದು." ಆಗ ಅವನು ಛೀ ಅಂದಿರಲಿಲ್ಲ. ಯೋಚಿಸ್ತೀನಿ ಅಂದಿದ್ದ.

ತೆರಿಗೆ ಕಚೇರಿ ಮೂರನೇ ಮಹಡಿಯಲ್ಲಿತ್ತು. ಅಧಿಕಾರಿಣಿ ಕಡತ ತೆರೆದು, "ಮೂರು ವರ್ಷದಲ್ಲಿ ಒಂಬತ್ತು ಸಾವಿರ ಡಬ್ಬ ಬಣ್ಣ ಮಾರಿದ್ದೀರಿ ನೀವು" ಅಂದಳು.

ಅಕ್ಕ ನಕ್ಕೇಬಿಟ್ಟಳು. "ನಮ್ಮ ಮನೆ ಗೋಡೆಯೇ ಬಣ್ಣ ಕಂಡು ಹತ್ತು ವರ್ಷ ಆಯ್ತಮ್ಮ!"

ಅಧಿಕಾರಿಣಿ ನಗಲಿಲ್ಲ. ಕಾಗದವನ್ನು ಇವರ ಕಡೆ ತಿರುಗಿಸಿದಳು. ಅಕ್ಕ ಅದನ್ನು ಮೂಗಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದು, ಎರಡು, ಮೂರು ಕಾಗದ. ತಮ್ಮನ ಕಡೆ ತಿರುಗಲಿಲ್ಲ.

"ಸಹಿ ನನ್ನದೇ" ಅಂದಳು.

ಅವನು ಬಾಯಿ ಬಿಡಬೇಕಾದ ಹೊತ್ತು ಅದು. ಬಿಡಲಿಲ್ಲ. ಎದೆಯೊಳಗೆ ಎಲ್ಲೋ ಒಂದು ಕಡೆ ಉಸ್ಸಪ್ಪಾ ಅನ್ನಿಸಿತು. ಹಾಗನ್ನಿಸಿದ್ದನ್ನು ಅವನು ಮುಂದೆ ಯಾರ ಹತ್ತಿರವೂ ಹೇಳಿಕೊಳ್ಳಲಾರದೇ ಹೋದ.

ಹೇಳಿಕೆಗೆ ಮರುದಿನ ಬರುವುದೆಂದಾಯಿತು. ಗೋಡೆ ಹಿಡಿದು, ಕಾಲಲ್ಲೇ ಮೆಟ್ಟಿಲು ತಡವುತ್ತಾ ಅಕ್ಕ ಇಳಿದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ಮೇಲೆ ಕೇಳಿದಳು:

"ಇದಕ್ಕೆ ಜೈಲು ಆಗುತ್ತೇನೋ?"

"ಆಗಬಹುದು ಅಕ್ಕ."

"ಹಾಗಾದರೆ ಆಪರೇಷನ್ ಮುಗಿಸಿಕೊಂಡು ಹೋಗೋಕೆ ಬಿಡ್ತಾರಾ ಕೇಳು. ಗೊತ್ತಿಲ್ಲದ ಜಾಗ, ಕಣ್ಣು ಕಾಣದೆ ಕಷ್ಟ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳನ್ನು ಬಸ್ಸು ಹತ್ತಿಸಿ ವಾಪಸು ಬಂದ. ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಹಿಂದಿರುಗಿ, ಮತ್ತೆ ಹತ್ತಿದ. ಅಧಿಕಾರಿಣಿ ಬೀರುವಿಗೆ ಬೀಗ ಹಾಕುತ್ತಿದ್ದಳು.

"ಮೇಡಂ, ಅಕ್ಕನಿಗೆ ಏನೂ ಗೊತ್ತಿಲ್ಲ. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡವನು ನಾನು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆಗಲೇ ಪಕ್ಕದಲ್ಲೇ ಕೂತಿದ್ದಿರಲ್ಲ?"

ಅವನು ಅದೇ ಕುರ್ಚಿ ಎಳೆದು ಕೂತ. ಹೇಳಿಕೆ ಬರೆಸಿಕೊಂಡರು.

ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಅಂಗಡಿ ಹರಾಜಾಯಿತು. ನ್ಯಾಯಾಲಯ ಎಂಟು ತಿಂಗಳ ಸಜೆ ಕೊಟ್ಟಿತು. ಅಕ್ಕನ ಖಾತೆಯ ಜಪ್ತಿ ತೆರವಾಗಲು ಏಳು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಪೊರೆ ಬಲಿತು, ಆಪರೇಷನ್ ಆದರೂ ಎಡಗಣ್ಣು ಸರಿಹೋಗಲಿಲ್ಲ.

ಈಗ ಅವನು ಬೇರೆಯವರ ಅಂಗಡಿಯಲ್ಲಿ ಬಣ್ಣ ಕಲಸುತ್ತಾನೆ. ಭಾನುವಾರ ಅಕ್ಕನ ಮನೆಗೆ ಹೋಗುತ್ತಾನೆ. ಅವಳು ಬಡಿಸುತ್ತಾಳೆ, ನೆರೆಮನೆಯ ನಾಯಿಯ ಸುದ್ದಿ ಹೇಳುತ್ತಾಳೆ, ಹಳೇ ವಿದ್ಯಾರ್ಥಿಗಳ ಸುದ್ದಿ ಹೇಳುತ್ತಾಳೆ. ಆ ವಿಷಯ ಮಾತ್ರ ಎತ್ತುವುದಿಲ್ಲ. ಒಂದು ಸಲ ಅವನೇ ತಡೆಯಲಾರದೆ, "ಬೈದುಬಿಡಕ್ಕ ನನ್ನನ್ನ" ಅಂದ.

"ಸಾರು ಆರುತ್ತೆ, ಉಣ್ಣು" ಅಂದಳು ಅವಳು, ಮುಖ ಎಡಕ್ಕೆ ತಿರುಗಿಸಿ ಬಲಗಣ್ಣಿನಲ್ಲಿ ಅವನ ತಟ್ಟೆ ಎಲ್ಲಿದೆಯೆಂದು ನೋಡುತ್ತಾ.