ಕಂಬದ ಪಕ್ಕದ ಸೀಟು

ಮತ್ತೆ ಆ ಸದ್ದು, ಗೋಡೆಯಾಚೆಯಿಂದ, ತಗಡಿನ ಮೇಲೆ ಯಾರೋ ಮೂಟೆ ಅಕ್ಕಿ ಸುರಿದ ಹಾಗೆ ಶುರುವಾಗಿ, ಏರಿ, ಹೋ ಎಂದು ಒಂದು ಗಳಿಗೆ ನಿಂತು, ಆಮೇಲೆ ಸಾವಿರಾರು ಜನ ಒಟ್ಟಿಗೆ ಛೆ ಅಂದ ಹಾಗೆ ಇಳಿದುಹೋಗುತ್ತದೆ — ಗೋಲಲ್ಲ, ತಪ್ಪಿತು, ತಪ್ಪಿಸಿಕೊಂಡದ್ದು ನಮ್ಮ ಹುಡುಗಿಯರೋ ಅವರೋ, ನನಗೆ ಕಾಣುವುದು ಈ ಗೋಡೆ, ಅದಕ್ಕೆ ಬಳಿದ ಹೊಸ ಬಣ್ಣ, ಮೂರನೇ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ ಕಾವಲಿನವನ ಬೂಟು, ಒಂದಕ್ಕೆ ಲೇಸಿಲ್ಲ. ಒಳಗೆ ಇವರಿದ್ದಾರೆ, ನನ್ನ ಯಜಮಾನರು, ಮೇಲಿನ ಕೊನೆಯ ಸಾಲು, ಕಂಬದ ಪಕ್ಕದ ಸೀಟು. ಇನ್ನೊಂದು ಪಕ್ಕದಲ್ಲಿ ಯಾರು ಕೂತಿದ್ದಾರೋ, ಚೆಂಡು ಈಗ ಯಾರ ಹತ್ತಿರ ಇದೆ ಅಂತ ಕೇಳಿದರೆ ಹೇಳುವಂಥವರೋ ಏನೋ, ಅಲ್ಲ, ಇವರು ಕೇಳಿದರೆ ತಾನೆ, ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ, ದಾರಿ ಯಾವುದು ಅಂತ ಊರೇ ಇವರನ್ನು ಕೇಳಬೇಕು, ಇವರು ಯಾರನ್ನೂ ಕೇಳುವುದಿಲ್ಲ. ಗೇಟಿನ ಹತ್ತಿರ ಕೈ ಹಿಡಿಯಲು ಹೋದೆ, ಬಿಡೇ, ಮಗೂನ ಸ್ಕೂಲಿಗೆ ಬಿಡೋಕೆ ಬಂದೋಳ ಹಾಗೆ ಆಡ್ಬೇಡ ಅಂದರು, ಗೋಡೆ ಸವರಿಕೊಂಡು ಹೋದರು, ಮೆಟ್ಟಿಲ ಬಳಿ ನಿಂತು ಕಾಲಿನಿಂದ ಅಂಚು ಹುಡುಕಿದರು, ಹುಡುಕಿದ್ದು ನನಗೆ ತಿಳಿಯಬಾರದೆಂದು ಚಪ್ಪಲಿ ಸರಿಮಾಡಿಕೊಂಡ ಹಾಗೆ ಬಗ್ಗಿದರು, ನಾನೂ ನೋಡದವಳ ಹಾಗೆ ಆ ಕಡೆ ತಿರುಗಿದೆ, ಎರಡು ವರ್ಷದಿಂದ ಇದೇ ನಮ್ಮ ಸಂಸಾರ, ಅವರು ಕಾಣುತ್ತದೆ ಅನ್ನುವುದು, ನಾನು ಹೌದು ಅನ್ನುವುದು.

ನನಗೆ ಹಾಕಿ ಅಂದರೆ ಏನೆಂದು ಗೊತ್ತಿರಲಿಲ್ಲ, ಮದುವೆಯಾದ ಹೊಸತರಲ್ಲಿ ಇವರಿಗೆ ಭಾನುವಾರ ರಜ, ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆಂದು ಒಳ್ಳೆಯ ಸೀರೆ ಉಟ್ಟು ಹೊರಟರೆ ಇವರು ಕಾಲೇಜು ಮೈದಾನಕ್ಕೆ ಕರೆತಂದರು, ಸಿಮೆಂಟಿನ ಮೆಟ್ಟಿಲು, ಕಾದು ಬೆಂಕಿಯಾಗಿತ್ತು, ಇವರು ತಮ್ಮ ಕರವಸ್ತ್ರ ಹಾಸಿ ಕೂರಿಸಿದರು, ಟಿಕೆಟ್ಟೂ ಇಲ್ಲ ಏನೂ ಇಲ್ಲ, ಬೇಕಾದವರು ಬಂದು ಕೂರುತ್ತಿದ್ದರು. ನೋಡೇ, ಆ ಗೆರೆ ಒಳಗೆ ಬಂದು ಹೊಡೆದ್ರೆ ಮಾತ್ರ ಗೋಲು, ಆಚೆಯಿಂದ ಹೊಡೆದ್ರೆ ಲೆಕ್ಕಕ್ಕಿಲ್ಲ. ಹಾಗಾದ್ರೆ ಅಷ್ಟು ದೂರದಿಂದ ಯಾಕ್ರೀ ಹೊಡೀತಾಳೆ. ಒಳಗಿರೋಳಿಗೆ ಕೊಡೋಕೆ ಕಣೇ ಪೆದ್ದಿ. ನನ್ನ ಕಣ್ಣು ಚೆಂಡಿನ ಹಿಂದೆ ಓಡುವಷ್ಟರಲ್ಲಿ ಚೆಂಡು ಬೇರೆಲ್ಲೋ ಇರುತ್ತಿತ್ತು, ಅದಕ್ಕೇ ನಾನು ಆಟ ನೋಡುವುದು ಬಿಟ್ಟು ಇವರ ಮಾತು ಕೇಳುತ್ತಿದ್ದೆ, ಇವರು ಹೇಳಿದರೆ ಕಂಡಷ್ಟೇ ಚೆನ್ನಾಗಿರುತ್ತಿತ್ತು. ಆಮೇಲೆ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ನನಗೆ ಕೆಲಸ ಸಿಕ್ಕಿತು, ಹತ್ತೊಂಬತ್ತು ವರ್ಷ, ಎರಡು ದೊಡ್ಡ ಮೆಷಿನ್ನು, ಒಂದು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತದೆ, ಸೋಮವಾರ ತಂಡದ ಜೆರ್ಸಿಗಳ ಗಂಟು ಬಂದು ಬೀಳುತ್ತದೆ, ಮುಖ ನೋಡದೆ ಕಲೆ ನೋಡಿ ಹೇಳಬಲ್ಲೆ ಯಾರು ಬಿದ್ದರು, ಯಾರು ಓಡಲಿಲ್ಲ, ಯಾರ ಮೂಗಿನಲ್ಲಿ ರಕ್ತ ಬಂತು. ಮನೆಗೆ ಬಂದು ಹೇಳಿದರೆ ಇವರು ನಗುತ್ತಿದ್ದರು, ನಿನ್ನ ಮುಂದೆ ಕೋಚ್ ಏನೂ ಅಲ್ಲ ಬಿಡು. ಮತ್ತೆ ಒಂದು ದಿನ ಡಿಪೋದಿಂದ ಮಧ್ಯಾಹ್ನವೇ ಬಂದರು, ಬೀಗದ ಕೈ ಮೇಜಿನ ಮೇಲೆ ಇಡದೆ ಕೈಯಲ್ಲೇ ಹಿಡಿದುಕೊಂಡು ಕೂತರು, ಬಸ್ಸು ಕೊಡಲ್ಲ ಅಂದ್ರು ಕಣೇ, ಕಣ್ಣಿನ ಪರೀಕ್ಷೇಲಿ ಫೇಲಂತೆ. ಈಗ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೂಗುತ್ತಾರೆ, ಕಾಗದ ನೋಡಬೇಕಾಗಿಲ್ಲ, ಅಷ್ಟೂ ಬಾಯಿಪಾಠ, ಅವರ ದನಿಯಲ್ಲಿ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವಂತೆಯೇ ಕೇಳಿಸುತ್ತದೆ. ಮೈದಾನದ ಮೆಟ್ಟಿಲ ಮೇಲೆ ಈಗ ಹೇಳುವವಳು ನಾನು. ಬಲಗಡೆ ಹೋಯ್ತು ನೋಡಿ. ಹ್ಞೂಂ ಕಂಡ್ತು, ಅನ್ನುತ್ತಾರೆ. ಕಂಡಿರಬಹುದು, ನಡುವಿನದು ಮಬ್ಬು, ಅಂಚಿನದು ಕಾಣುತ್ತದೆ ಅಂದಿದ್ದರು ಕಣ್ಣಿನ ಡಾಕ್ಟರು, ಇನ್ನೊಂದು ವರ್ಷ ಅಂತ ಇಟ್ಟುಕೊಳ್ಳಿ ಅಮ್ಮ ಅಂದಿದ್ದರು, ಏನೋ ಮೊಸರು ಕೆಡುವ ದಿನ ಹೇಳಿದ ಹಾಗೆ.

ಅಷ್ಟರಲ್ಲಿ ನಮ್ಮ ಕಾಲೇಜಿನ ಹುಡುಗಿಯರು ಹಾಕಿ ಪಂದ್ಯಾವಳಿಯ ಫೈನಲ್ಲಿಗೆ ಬಂದುಬಿಟ್ಟರು, ಯಾವತ್ತೂ ಬಾರದವರು, ಇವರ ಕಣ್ಣಿಗೆ ಉಳಿದ ಒಂದು ವರ್ಷದಲ್ಲೇ ಬರಬೇಕೆ, ಅದೂ ನಮ್ಮ ಊರಿನಲ್ಲೇ, ಈ ಹೊಸ ಸ್ಟೇಡಿಯಮ್ಮಿನಲ್ಲಿ. ಇವರು ಚಿಕ್ಕ ಮಗುವಾಗಿಬಿಟ್ಟರು. ಟಿಕೆಟ್ಟು ಫೋನಿನಲ್ಲಂತೆ, ಹತ್ತು ಗಂಟೆಗೆ ಬಿಡುತ್ತಾರಂತೆ, ಪಕ್ಕದ ಮನೆಯ ಬ್ಯಾಂಕಿನವಳು ಪಾಪ ಒಳ್ಳೆಯವಳು, ಕೂತ್ಕೊಳ್ಳಿ ಅಕ್ಕ ನಾನು ತೆಗೆದುಕೊಡ್ತೀನಿ ಅಂತ ಫೋನು ಹಿಡಿದಳು, ಒಂದು ಚಕ್ರ ತಿರುಗಿತು, ತಿರುಗಿತು, ನಿಮ್ಮ ಮುಂದೆ ಹದಿನಾಲ್ಕು ಸಾವಿರ ಜನ ಇದ್ದಾರೆ ಅಂತ ಬಂತು, ಫೋನಿನೊಳಗೆ ಅಷ್ಟುದ್ದದ ಸಾಲು ಹೇಗೆ ನಿಲ್ಲುತ್ತದೋ, ನಮ್ಮ ಸರದಿ ಬಂದಾಗ ಉಳಿದದ್ದು ಸೋಫಾದ ಮೇಲೆ ಕೂತು ಊಟ ಮಾಡುತ್ತಾ ನೋಡುವ ಸೀಟುಗಳು, ನನ್ನ ಒಂದು ತಿಂಗಳ ಸಂಬಳಕ್ಕೆ ಒಂದು. ಮಾರನೆಯ ದಿನ ಅಗ್ಗದ ಸೀಟುಗಳೇ, ಕೊಂಡವರು ಮತ್ತೆ ಮಾರುವ ಇನ್ನೊಂದು ಕಡೆ, ಆರು ಪಟ್ಟು ಬೆಲೆಗೆ ಬಂದು ಕೂತಿದ್ದವು. ಹಾಸ್ಟೆಲಿನ ಆಫೀಸಿನಲ್ಲಿ ಕೇಳಿದೆ, ಗುಮಾಸ್ತರು ಕನ್ನಡಕ ತೆಗೆಯದೆ, ಕಾಯಂ ನೌಕರರಿಗೆ ಮಾತ್ರ ಇತ್ತಮ್ಮ, ನಿಮ್ಮದು ಗುತ್ತಿಗೆ ಅಲ್ವಾ ಅಂದರು. ನಮ್ಮ ಗೋಲಿ, ಗೋಲು ಕಾಯುವ ಹುಡುಗಿ, ಬಟ್ಟೆ ತೆಗೆದುಕೊಳ್ಳಲು ಬಂದವಳು ನನ್ನ ಮುಖ ನೋಡಿ ತಾನೇ ಹೇಳಿದಳು, ಅಕ್ಕ, ನಮಗೆ ಎರಡೆರಡೇ ಪಾಸು, ಅಪ್ಪ ಅಮ್ಮಂಗೆ ಕೊಟ್ಟೆ, ತಮ್ಮ ಮುನಿಸಿಕೊಂಡು ಊಟ ಬಿಟ್ಟಿದಾನೆ. ಅವಳ ಕಣ್ಣಲ್ಲಿ ನೀರು, ನಾನೇ ಸಮಾಧಾನ ಮಾಡಬೇಕಾಯಿತು, ಆಡೋಳು ನೀನು ಕಣೇ, ನಮ್ಮ ಚಿಂತೆ ಯಾಕೆ ನಿಂಗೆ. ಶುಕ್ರವಾರ ಪೇಪರಿನಲ್ಲಿ ಬಂತು, ಉಳಿದ ಅಗ್ಗದ ಟಿಕೆಟ್ಟು ಶನಿವಾರ ಕೌಂಟರಿನಲ್ಲಿ.

ಬೆಳಗಿನ ಮೊದಲ ಬಸ್ಸಿಗೆ ಬಂದರೂ ಸಾಲು ಆಗಲೇ ಮೂಲೆ ತಿರುಗಿತ್ತು. ನನ್ನ ಮುಂದೆ ಕ್ಷೌರದವರು, ಉಣ್ಣೆಯ ಟೋಪಿ, ಹದಿನೇಳು ವರ್ಷದಿಂದ ಒಂದು ಮ್ಯಾಚೂ ಬಿಟ್ಟಿಲ್ಲವಂತೆ, ಹಿಂದೆ ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದ ನರ್ಸಮ್ಮ, ನಿಂತಲ್ಲೇ ತೂಕಡಿಸುತ್ತಿದ್ದಳು, ಸಾಲು ಮುಂದೆ ಹೋದಾಗ ನಾನೇ ಅವಳ ಮೊಣಕೈ ಮುಟ್ಟುತ್ತಿದ್ದೆ. ಎಲ್ಲರೂ ಅವರವರ ಮ್ಯಾಚು ಹೇಳಿಕೊಂಡರು, ಆ ಮಂಜಿನ ದಿನ, ಆ ಗುಂಗುರು ಕೂದಲಿನ ಉದ್ದ ಹುಡುಗಿ, ಆ ಕೊನೆಯ ಗೋಲು, ಮನೆಮಂದಿಯ ಹಾಗೆ ಆಗಿಬಿಟ್ಟೆವು ಎರಡು ತಾಸಿನಲ್ಲಿ. ಮುಂದೆ ಮಾತ್ರ ಹತ್ತು ಹನ್ನೆರಡು ಗಂಡಸರು ಗುಂಪಾಗಿ ಸುಮ್ಮನೆ ನಿಂತಿದ್ದರು, ಕ್ಷೌರದವರು ಕೇಳಿದರು, ಯಾವ ಕಾಲೇಜಿನ ಕಡೆಯವರಪ್ಪ ನೀವು. ಯಾವ ಕಾಲೇಜೂ ಇಲ್ಲ ಯಜಮಾನ್ರೇ, ನಿಂತ್ಕೊಳ್ಳಿ ಅಂದ್ರು ನಿಂತಿದೀವಿ, ತಗೊಂಡಿದ್ದನ್ನ ಆ ಕಾರಿಗೆ ಕೊಡೋದು, ಅಷ್ಟೇ. ಯಾವ ಆಟ ಅಂತಾದ್ರೂ ಗೊತ್ತಾ. ಫುಟ್‌ಬಾಲ್ ಅಲ್ವಾ. ಯಾರೂ ನಗಲಿಲ್ಲ. ಕಾರಿನ ಗಾಜು ಏರಿಸಿತ್ತು. ಬಾಗಿಲು ತೆರೆದದ್ದು ಎಂಟಕ್ಕೆ, ಕ್ಷೌರದವರು ಎರಡು ತೆಗೆದುಕೊಂಡು ಟೋಪಿಯೊಳಗೆ ಇಟ್ಟು ಟೋಪಿ ಹಾಕಿಕೊಂಡರು, ನಾನು ಕಿಂಡಿಗೆ ಬಾಗಿ ಎರಡು ಅಂದೆ, ಒಳಗಿನವನು ಒಂದೇ ಉಳಿದಿದೆ ಅಂದ. ಎರಡು ಬೇಕಪ್ಪ, ಅವರಿಗೆ ಕಣ್ಣು — ಒಂದೇ ಇರೋದಮ್ಮ, ಕಂಬದ ಪಕ್ಕ, ಬೇಕಾ ಬೇಡ್ವಾ. ಹಿಂದಿನಿಂದ ನರ್ಸಮ್ಮ, ಈಗ ಪೂರ್ತಿ ಎಚ್ಚರ, ನಿಧಾನಕ್ಕೆ ಹೇಳಿದಳು, ನಿಮಗೆ ಬೇಡಾಂದ್ರೆ ನಂಗೆ ಕೊಡ್ಸಿ ಅಕ್ಕ. ಒಂದು ಟಿಕೆಟ್ಟಿನಿಂದ ನಮಗೇನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು, ಆ ಹೊತ್ತಿಗೇ ಗೊತ್ತಿತ್ತು, ಆದರೂ ತೆಗೆದುಕೊಂಡೆ, ತಿರುಗಿ ಅವಳ ಮುಖ ನೋಡಲಿಲ್ಲ.

ನೀನೇ ಹೋಗು ಅಂದರು ಇವರು, ನೋಡ್ಕೊಂಡು ಬಂದು ಹೇಳು, ನೀನು ಹೇಳಿದ್ರೆ ನಂಗೆ ಕಂಡ ಹಾಗೇನೇ. ಅಲ್ಲಿಗೆ ಬಿಟ್ಟುಬಿಡಬೇಕಿತ್ತು. ನನಗೇನು ಹಟ, ಹೊಸ ಸ್ಟೇಡಿಯಮ್ಮು ರೀ, ಹಸಿರು ನೆಲ, ಬಿಳಿ ಚೆಂಡು, ಅಷ್ಟೊಂದು ದೀಪ ಇರ್ತಾವಂತೆ, ನಮ್ಮ ಮಣ್ಣಿನ ಮೈದಾನಕ್ಕಿಂತ ಚೆನ್ನಾಗಿ ಕಾಣ್ಸತ್ತೆ ನಿಮಗೆ, ನಾನು ದಿನಾ ಆ ಹುಡುಗಿಯರನ್ನ ನೋಡೋದು ಇದ್ದೇ ಇದೆ. ಬೇಡ ಕಣೇ. ಹೋಗಿ ಅಂದ್ರೆ ಹೋಗಿ. ಇವರು ಟಿಕೆಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು, ಆಮೇಲೆ ಸರಿ ಬಿಡು, ಹೋಗ್ತೀನಿ, ಕಾಣ್ಸತ್ತೆ ಅಂದರು. ಕಾಣ್ಸತ್ತೆ ಅಂದದ್ದು ಯಾರಿಗಾಗಿ ಅಂತ ನಾನು ಯೋಚಿಸಲಿಲ್ಲ, ಗೆದ್ದೆನೆಂದುಕೊಂಡು ಇವರ ಬಿಳಿ ಶರಟಿಗೆ ಇಸ್ತ್ರಿ ಹಾಕಿದೆ.

ಬಿಸಿಲು ಇಳಿಯುತ್ತಿದೆ, ಕಾಲು ಸೋತಿದೆ, ರಸ್ತೆಯ ಆ ಕಡೆ ಟಿವಿ ಅಂಗಡಿಯ ಗಾಜಿನ ಹಿಂದೆ ಆರು ಟಿವಿ, ಆರರಲ್ಲೂ ಅದೇ ಹಸಿರು, ಮೊದಲೇ ಹೊಳೆಯಬಾರದಿತ್ತೆ ನನಗೆ, ದಾಟಿ ಹೋಗಿ ನಿಲ್ಲುತ್ತೇನೆ, ಇನ್ನೂ ಐದಾರು ಜನ ಇದ್ದಾರೆ, ಟಿಕೆಟ್ಟು ಸಿಗದವರು. ಏಳನೇ ನಂಬರಿನ ಹುಡುಗಿ ಹೊರಗೆ ಕೂತಿದ್ದಾಳೆ, ಕಾಲಿಗೆ ಐಸು, ಮೊದಲರ್ಧದಲ್ಲೇ ಬಿದ್ದಳಂತೆ, ಮುಖಕ್ಕೆ ಟವೆಲು ಮುಚ್ಚಿಕೊಂಡಿದ್ದಾಳೆ, ಆ ಟವೆಲು ನಾನು ಗುರುವಾರ ಒಗೆದದ್ದು. ಇನ್ನು ಎರಡು ನಿಮಿಷ, ಯಾರಿಗೂ ಗೋಲಿಲ್ಲ, ಆಮೇಲೆ ಗೋಲಿನ ಬಾಯಲ್ಲಿ ಏನೋ ಗಲಾಟೆ, ಸೀಟಿ, ಅಂಪೈರಮ್ಮ ಕೈ ತೋರಿಸುತ್ತಾಳೆ, ಪೆನಾಲ್ಟಿ ಸ್ಟ್ರೋಕು, ನಮಗೆ, ಗೋಲಿಯ ಎದುರು ಒಬ್ಬಳೇ, ಎಲ್ಲರೂ ದೂರ. ನಮ್ಮ ಕ್ಯಾಪ್ಟನ್ನು ಚೆಂಡಿನ ಹಿಂದೆ ನಿಂತಿದ್ದಾಳೆ. ಗೋಡೆಯಾಚೆ ಸದ್ದೇ ಇಲ್ಲ, ಇಷ್ಟು ಜನ ಇಷ್ಟು ಸುಮ್ಮನಿರಬಹುದೆಂದು ನನಗೆ ಗೊತ್ತಿರಲಿಲ್ಲ, ಟಿವಿಯವರು ಗ್ಯಾಲರಿ ತೋರಿಸುತ್ತಾರೆ, ಮೇಲಿನ ಸಾಲು, ಎಲ್ಲರೂ ಎದ್ದು ನಿಂತಿದ್ದಾರೆ, ಎಲ್ಲರ ಮುಖವೂ ಬಲಕ್ಕೆ, ಬಾಯಿಗೆ ಕೈ, ತಲೆಯ ಮೇಲೆ ಕೈ, ಮತ್ತೆ ಕಂಬದ ಪಕ್ಕದಲ್ಲಿ ಬಿಳಿ ಶರಟು. ಇವರು. ಕೂತಿದ್ದಾರೆ, ಬೆನ್ನು ನೆಟ್ಟಗೆ, ಕೈ ಮಂಡಿಯ ಮೇಲೆ, ತುಟಿಯಲ್ಲಿ ನಗುವಿನಂಥದೇನೋ ಸಿದ್ಧವಾಗಿದೆ, ಮುಖ ಎಡಕ್ಕೆ. ಯಾರೂ ಇಲ್ಲದ ಕಡೆಗೆ. ಆಟಗಾರರಿಲ್ಲ, ಚೆಂಡಿಲ್ಲ, ಬರಿಯ ಹಸಿರು ನೆಲವಿದ್ದ ಕಡೆಗೆ ಅಷ್ಟು ಗಮನವಿಟ್ಟು ನೋಡುತ್ತಿದ್ದಾರೆ. ಆರು ಟಿವಿಯಲ್ಲಿ ಆರು ಜನ ಇವರು. ಅಂಚಿನದು ಕಾಣುತ್ತದೆ ಅಂದಿದ್ದರಲ್ಲ, ಒಂದು ವರ್ಷ ಅಂದಿದ್ದರಲ್ಲ. ಗೋಡೆಯಾಚೆ ಆಕಾಶ ಬಿದ್ದ ಹಾಗೆ ಸದ್ದು, ಅಂಗಡಿಯ ಮುಂದೆ ಯಾರೋ ಕುಣಿಯುತ್ತಾರೆ, ಗೋಲಾಯಿತು, ಟಿವಿಯಲ್ಲಿ ಎಲ್ಲರೂ ಹಾರುತ್ತಿದ್ದಾರೆ, ಇವರು ಒಂದು ಕ್ಷಣ ತಡವಾಗಿ ಚಪ್ಪಾಳೆ ತಟ್ಟುತ್ತಾರೆ, ಮುಖ ಇನ್ನೂ ಎಡಕ್ಕೇ ಇದೆ. ಅಮ್ಮಾ, ಗಾಜಿಗೆ ಕೈ ಇಡ್ಬೇಡಿ, ಗುರುತಾಗತ್ತೆ ಅನ್ನುತ್ತಾನೆ ಅಂಗಡಿಯವನು, ನನ್ನ ಕೈ ಗಾಜಿನ ಮೇಲಿತ್ತು, ತೆಗೆದೆ.

ಬರುತ್ತಿದ್ದಾರೆ, ಜನರ ನಡುವೆ, ಗೋಡೆಯ ಕಡೆಯಿಂದಲೇ, ನಾನು ಹೋಗಿ ಸುಮ್ಮನೆ ಭುಜ ಕೊಟ್ಟು ನಿಲ್ಲುತ್ತೇನೆ, ಈ ಸಲ ಬಿಡು ಅನ್ನಲಿಲ್ಲ, ಹಿಡಿದುಕೊಂಡರು, ಅಂಗೈ ಬೆವರಿತ್ತು. ಗೆದ್ವಿ ಕಣೇ. ಗೆದ್ವಾ. ಒಂದು ಸೊನ್ನೆ, ಏನು ಗೋಲು ಗೊತ್ತಾ, ನೀನು ನೋಡ್ಬೇಕಿತ್ತು. ಹೇಳಿ ಮತ್ತೆ. ಜನ ತಳ್ಳುತ್ತಾರೆ, ಬಸ್ ನಿಲ್ದಾಣದ ಕಡೆ ನಡೆಯುತ್ತೇವೆ, ಇವರು ನಿಲ್ದಾಣದ ಮೈಕಿನ ದನಿಯಲ್ಲಿ ಹೇಳುತ್ತಿದ್ದಾರೆ, ಏಳನೇ ನಂಬರಿನ ಹುಡುಗಿ ಕಣೇ, ಎಡಗಡೆಯಿಂದ ತಗೊಂಡ್ಲು, ಒಬ್ಬಳನ್ನ ದಾಟಿದ್ಲು, ಇನ್ನೊಬ್ಬಳನ್ನ ದಾಟಿದ್ಲು, ಮೂರನೆಯೋಳು ಕೋಲು ಅಡ್ಡ ಹಾಕಿದ್ಲು ನೋಡು, ಅವಳ ಮೇಲಿಂದ್ಲೇ ಚೆಂಡು ಎತ್ತಿಬಿಟ್ಲು. ಅಯ್ಯೋ ಎತ್ತಿಬಿಟ್ಲಾ, ಅನ್ನುತ್ತೇನೆ ನಾನು, ನನ್ನ ದನಿ ಎಷ್ಟು ಚೆನ್ನಾಗಿ ಬರುತ್ತಿದೆ. ಎತ್ತಿ, ಆ ಗೆರೆ ಒಳಗೆ ಹೋಗಿ, ಕೆಳಗಡೆಯಿಂದ, ಮೂಲೆಗೆ. ಆ ಮೈಕಿನೋನಿಗೆ ಮಾತಾಡೋಕೇ ಬರಲ್ಲ, ಗೋಂಯ್ ಅಂತ ಒಂದಕ್ಷರ ತಿಳೀಲಿಲ್ಲ, ಆದ್ರೇನು, ನಂಗೆ ಎಲ್ಲಾ ಕಂಡ್ತಲ್ಲ. ಹ್ಞೂಂ. ನೀನು ಹೇಳಿದ್ದೇ ಸರಿ, ಆ ದೀಪಕ್ಕೆ ಬಹಳ ಚೆನ್ನಾಗಿ ಕಾಣ್ತು. ಹೌದಾ ರೀ. ಹೌದು ಕಣೇ, ಬಿಳೀ ಚೆಂಡು, ಹಸಿರು ನೆಲ. ಎಷ್ಟು ದಿನದಿಂದ ರೀ ಎಂದು ಕೇಳಬೇಕು, ಎಷ್ಟು ದಿನದಿಂದ ಏನೂ ಕಾಣುತ್ತಿಲ್ಲ ನಿಮಗೆ, ಮೆಟ್ಟಿಲ ಮೇಲೆ ನಾನು ಬಲಗಡೆ ನೋಡಿ ಅಂದಾಗಲೆಲ್ಲ ನೀವು — ಕೇಳುವುದಿಲ್ಲ, ಆಮೇಲೆ ಏನಾಯ್ತು ರೀ ಅನ್ನುತ್ತೇನೆ. ಬಸ್ಸು ಬಂತು, ನಂಬರು ಓದಿ ಹೇಳಿದೆ, ಹತ್ತಿಸಿದೆ, ಸೀಟು ಸಿಕ್ಕಿತು, ಇಬ್ಬರಿಗೂ ಅಕ್ಕಪಕ್ಕ, ಇವರು ಕಿಟಕಿಯ ಕಡೆ, ಆಮೇಲೆ ಎಲ್ಲರೂ ಎದ್ದು ಕುಣಿದ್ರು ನೋಡು, ನಾನೂ ಎದ್ದೆ, ಅನ್ನುತ್ತಿದ್ದಾರೆ, ನಾನು ಹೌದಾ ಅನ್ನಬೇಕು, ಎದ್ದೆ ಅನ್ನುತ್ತಿದ್ದಾರೆ, ಎಲ್ಲರೂ ಬಲಕ್ಕೆ, ಇವರು ಎಡಕ್ಕೆ, ಬಿಳಿ ಶರಟು, ಮಂಡಿಯ ಮೇಲೆ ಕೈ, ಎಲ್ಲರೂ ಬಲಕ್ಕೆ, ಇವರ ಮುಖ ಎಡಕ್ಕೆ, ಯಾರೂ ಇಲ್ಲದ ಆ ಹಸಿರಿನ ಕಡೆಗೆ, ಎಡಕ್ಕೆ —