ಹತ್ತೊಂಬತ್ತನೇ ಗೂಡು

ಮಿಂಚಕ್ಕ ಮಹಾನಗರವನ್ನು ಒಮ್ಮೆಯೂ ಕಂಡವಳಲ್ಲ. ಆದರೆ ಅದರ ಒಂದೊಂದು ಬಡಾವಣೆಯ ಬಗ್ಗೆಯೂ ಅವಳಿಗೆ ಖಚಿತವಾದ ಅಭಿಪ್ರಾಯವಿತ್ತು, ಅದೂ ಯಾರದೋ ಬಾಯಿಂದ ಕೇಳಿ ಬಂದದ್ದಲ್ಲ. ಮೂವತ್ತೈದು ವರ್ಷ ತನ್ನ ಊರಿನ ಅಂಚೆ ವಿಂಗಡಣೆ ಕೋಣೆಯಲ್ಲಿ ನಿಂತು, ಮಹಾನಗರಕ್ಕೆ ಹೊರಡುವ ಕಾಗದಗಳನ್ನೆಲ್ಲ ಕೈಯಾರೆ ಗೂಡಿಗೆ ಹಾಕಿದವಳು ಅವಳು. ಗೋಡೆಗೆ ಒರಗಿದ ಮರದ ಕಪಾಟಿನಲ್ಲಿ ಮೂವತ್ತೆರಡು ಗೂಡು, ಒಂದೊಂದು ಬಡಾವಣೆಗೆ ಒಂದೊಂದು. ಲಕೋಟೆಯ ಮೇಲಿನ ಪಿನ್‌ಕೋಡಿನ ಕೊನೆಯ ಎರಡು ಅಂಕಿ ನೋಡು, ಗೂಡಿಗೆ ಎಸೆ. ಆ ಕೋಣೆಯಲ್ಲಿ ಅವಳ ಕೈಯಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ಅದಕ್ಕೇ ಎಲ್ಲರೂ ಮಿಂಚಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

"ಹೆಸರು ಓದಬೇಡಿ," ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವಳು ಹೇಳುತ್ತಿದ್ದಳು. "ಹೆಸರು ಓದಿದ್ರೋ, ಕೈ ನಿಂತ್ಹೋಗತ್ತೆ. ಯಾರೋ ಏನೋ, ಯಾರಿಗೆ ಬರ್ದಿದಾರೋ ಅಂತ ತಲೆ ಓಡತ್ತೆ. ನಮಗ್ಯಾಕೆ ಊರ ಉಸಾಬರಿ? ಎರಡಂಕಿ ನೋಡಿ, ಮುಂದಿಂದು ತಗೊಳ್ಳಿ."

ಆದರೂ ಮೂವತ್ತೈದು ವರ್ಷದಲ್ಲಿ ಬೆರಳುಗಳಿಗೆ ತಿಳಿಯುವಷ್ಟು ತಿಳಿದಿತ್ತು. ನಾಲ್ಕನೇ ಗೂಡಿಗೆ ಬರೀ ಕಂದು ಬಣ್ಣದ ದಪ್ಪ ನೋಟೀಸುಗಳು. ಅಲ್ಲಿಯವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಲಿಕ್ಕಿಲ್ಲ. ಹದಿಮೂರಕ್ಕೆ ಮದುವೆ ಕರೆಯೋಲೆಗಳು, ಅದೂ ಮಿರಮಿರ ಮಿಂಚುವಂಥವು; ಅಲ್ಲಿಯವರು ಜಂಬದ ಜನ. ಏಳನೆಯದು ಮಾತ್ರ ಅವಳ ಮುದ್ದಿನ ಗೂಡು. ಅಲ್ಲಿಗೆ ಹೋಗುವುದರಲ್ಲಿ ಅರ್ಧಕ್ಕರ್ಧ ಕೈಬರಹದ ಕಾಗದಗಳು, ಚಿತ್ರದ ಕಾರ್ಡುಗಳು, ಮಕ್ಕಳು ಸೊಟ್ಟಗೆ ವಿಳಾಸ ಬರೆದ ಬಣ್ಣದ ಲಕೋಟೆಗಳು.

ಹಾಗಾಗಿ, ಅಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ, "ಅಕ್ಕ, ಇಬ್ಬರೂ ಮೂರು ದಿನ ಎಲ್ಲಾದ್ರೂ ಹೋಗಿ ಬರೋಣ, ನಿನಗೂ ಜೀವಕ್ಕೆ ಹಾಯಾಗತ್ತೆ," ಎಂದು ತಂಗಿ ಹೇಳಿದಾಗ, ಮಹಾನಗರದಲ್ಲಿ ಎಲ್ಲಿ ಉಳಿಯಬೇಕೆಂದು ಮಿಂಚಕ್ಕ ಅರೆಕ್ಷಣವೂ ಯೋಚಿಸಲಿಲ್ಲ.

ತಂಗಿಗೆ ನಲವತ್ತಮೂರು ತುಂಬಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಶಾಲೆಯಲ್ಲಿ ಮೇಡಂ, ಮನೆಯಲ್ಲಿ ಪುಟ್ಟಿ. ಅವಳಿಗೆ ಎಂಟು ವರ್ಷ, ಮಿಂಚಕ್ಕನಿಗೆ ಹದಿನೇಳು ವರ್ಷ ಇದ್ದಾಗ ಅಪ್ಪ ಒಂದು ಬೆಳಿಗ್ಗೆ ಷರಟು ಇಸ್ತ್ರಿ ಮಾಡಿಸಿಕೊಂಡು ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಇನ್ನೊಬ್ಬಳ ಜೊತೆ ಹೋದ ಎಂದು ವಾರದ ಮೇಲೆ ಗೊತ್ತಾಯಿತು. ಅಮ್ಮ ಹಾಸಿಗೆ ಹಿಡಿದಳು. ಮಿಂಚಕ್ಕ ಕಾಲೇಜಿಗೆ ಬೆನ್ನು ತಿರುಗಿಸಿ ವಿಂಗಡಣೆ ಕೋಣೆ ಸೇರಿದಳು, ತಂಗಿಯನ್ನು ಓದಿಸಿದಳು. "ಆ ಮನುಷ್ಯನ ಹೆಸರು ಈ ಮನೇಲಿ ಯಾರೂ ಎತ್ತಬಾರ್ದು," ಎಂದು ಅವಳು ಹೇಳಿದ ದಿನ ಎಂಟು ವರ್ಷದ ಪುಟ್ಟಿ ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದ್ದಳು. ಇಬ್ಬರೂ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ ಪುಟ್ಟಿ, "ನಮ್ಮಕ್ಕನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಮಿಂಚಕ್ಕನಿಗೆ ತಾನು ಕಳೆದುಕೊಂಡದ್ದಕ್ಕೆಲ್ಲ ಲೆಕ್ಕ ಸರಿಹೋಯಿತು ಎನಿಸುತ್ತಿತ್ತು. ಪ್ರಪಂಚದಲ್ಲಿ ಅವಳಿಗೆ ಇದ್ದದ್ದು ತಂಗಿಯೊಬ್ಬಳೇ.

ಏಳನೇ ಬಡಾವಣೆಯಲ್ಲಿ ಹೊಳೆದಂಡೆಯ ಒಂದು ಹೋಟೆಲಿಗೆ ಮಿಂಚಕ್ಕ ವಾರದಲ್ಲಿ ಮೂರು ಸಲ ಫೋನು ಮಾಡಿದಳು. ಲಿಫ್ಟು ಇದೆಯಾ, ಮಂಡಿನೋವು. ಬಚ್ಚಲ ನೆಲ ಜಾರುತ್ತಾ? ಎರಡು ಕಿಟಕಿ ಇರುವ ರೂಮು ಯಾವ ಮಹಡಿಯಲ್ಲಿ? ಕೊನೆಗೆ ಆ ಕಡೆಯವನು, "ಅಮ್ಮಾ, ನೀವು ಮೂರು ದಿನ ಇರೋಕೆ ಬರ್ತಿದೀರೋ, ಹೋಟೆಲ್ಲನ್ನೇ ಕೊಳ್ತೀರೋ?" ಎಂದ. ಮಿಂಚಕ್ಕ ಬಿದ್ದು ಬಿದ್ದು ನಕ್ಕು, ಎರಡು ಕಿಟಕಿಯ ರೂಮನ್ನೇ ಗೊತ್ತು ಮಾಡಿದಳು.

ಮಾರನೇ ದಿನ ಊಟಕ್ಕೆ ಕೂತಾಗ ಪುಟ್ಟಿ ತಟ್ಟೆ ನೋಡುತ್ತ ಹೇಳಿದಳು. "ಅಕ್ಕ, ಹತ್ತೊಂಬತ್ತನೇ ಬಡಾವಣೇಲಿ ಒಂದು ಹೋಟೆಲ್ ನೋಡಿದೀನಿ. ಗಲಾಟೆ ಇಲ್ಲ, ಚೊಕ್ಕಟವಾಗಿದೆ."

"ಹತ್ತೊಂಬತ್ತಾ? ಲೇ, ಅಲ್ಲಿಗೆ ಹೋಗೋದು ಬರೀ ಔಷಧಿ ಪೊಟ್ಟಣ, ಪಿಂಚಣಿ ಕಾಗದ. ಅಲ್ಲೇನು ನೋಡ್ತೀಯ, ಮುದುಕರು ಕೆಮ್ಮೋದನ್ನಾ? ನೀನು ಆ ಕಡೆ ಹೋಗಿದೀಯಾ?"

"ಇಲ್ಲಪ್ಪ. ಸ್ಕೂಲಿನ ತರಬೇತಿಗೆ ಹೋದಾಗೆಲ್ಲ ಅವರ ಹಾಸ್ಟೆಲ್ಲಲ್ಲೇ ಇರ್ತೀನಲ್ಲ. ಫೋನಲ್ಲಿ ಫೋಟೋ ನೋಡ್ದೆ, ಅಷ್ಟೇ."

"ಆ ಬಡಾವಣೇಲಿ ನಮಗೆ ಗೊತ್ತಿರೋದು ಅಂದ್ರೆ ಗೋಂದಮ್ಮನ ನೆಂಟರು ಮಾತ್ರ," ಎಂದು ಮಿಂಚಕ್ಕ ನಕ್ಕಳು.

ಗೋಂದಮ್ಮನ ವಿಷಯ ಆ ಮನೆಯ ಹಳೇ ತಮಾಷೆ. ಹತ್ತು ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಮೊದಲ ವಾರ ಹತ್ತೊಂಬತ್ತಕ್ಕೆ ಒಂದು ಕೆನೆಬಣ್ಣದ ಉದ್ದ ಲಕೋಟೆ ಬರುತ್ತಿತ್ತು. ಕಳಿಸಿದವರು ಯಾರೋ ಪುಣ್ಯಾತ್ಗಿತ್ತಿ, ಬೋಗುಣಿಗಟ್ಟಲೆ ಗೋಂದು ಬಳಿಯುತ್ತಿದ್ದಳು. ಅದು ಅಕ್ಕಪಕ್ಕದ ನಾಲ್ಕು ಕಾಗದವನ್ನು ಅಂಟಿಸಿಕೊಂಡೇ ಕೈಗೆ ಸಿಗುತ್ತಿತ್ತು. ಮಿಂಚಕ್ಕನ ಮಿಂಚಿನ ಕೈ ತಿಂಗಳಿಗೊಮ್ಮೆ ನಿಲ್ಲುತ್ತಿದ್ದದ್ದು ಅಲ್ಲೊಂದೇ ಕಡೆ. ಅವಳೇ ಆ ಕಾಣದ ಹೆಂಗಸಿಗೆ ಗೋಂದಮ್ಮ ಎಂದು ಹೆಸರಿಟ್ಟು, ಮನೆಗೆ ಬಂದು ತಂಗಿಯ ಮುಂದೆ ಉಪ್ಪುಕಾರ ಹಚ್ಚಿ ಹೇಳಿದ್ದಳು. ಅವತ್ತು ಪುಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಮುಂದಿನ ತಿಂಗಳಿನಿಂದ ಲಕೋಟೆ ಒಂದಿಷ್ಟೂ ಅಂಟದೆ ಚೊಕ್ಕವಾಗಿ ಬರತೊಡಗಿತು. "ನೋಡೇ, ಗೋಂದಮ್ಮಂಗೆ ಬುದ್ಧಿ ಬಂತು!" ಎಂದು ಮಿಂಚಕ್ಕ ಅದನ್ನೂ ಬಂದು ಹೇಳಿದ್ದಳು.

ಈ ಸಲ ಪುಟ್ಟಿ ನಗಲಿಲ್ಲ. "ಒಂದೇ ಒಂದು ಸಲ ನನ್ನ ಮಾತು ಕೇಳಕ್ಕ," ಎಂದಳು.

ಮಿಂಚಕ್ಕ ಕರಗಿದಳು. ತಂಗಿ ಬೇಕೆಂದು ಬಾಯಿಬಿಟ್ಟು ಕೇಳಿದ್ದನ್ನು ಅವಳು ಯಾವತ್ತು ಇಲ್ಲ ಅಂದಿದ್ದಳು? ಎರಡು ಕಿಟಕಿಯ ರೂಮು ಬೇಡವೆಂದು ಫೋನು ಮಾಡಿದಾಗ ಆ ಹೋಟೆಲಿನವನಿಗೇ ಬೇಜಾರಾಯಿತು.

ಮಹಾನಗರದಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಹತ್ತು ಗಂಟೆ. ಮಿಂಚಕ್ಕ ಚೀಲದಿಂದ ವಿಳಾಸದ ಚೀಟಿ ತೆಗೆಯುವಷ್ಟರಲ್ಲಿ ಪುಟ್ಟಿ ಮುಂದೆ ನಡೆದಿದ್ದಳು. ಯಾರನ್ನೂ ಕೇಳದೆ, ಫೋನು ನೋಡದೆ, ಔಷಧಿ ಅಂಗಡಿಯ ಪಕ್ಕದ ಓಣಿಗೆ ತಿರುಗಿ, ಅಲ್ಲಿ ಒಡೆದಿದ್ದ ಚರಂಡಿ ಕಲ್ಲನ್ನು ನೋಡದೆಯೇ ದಾಟಿದಳು. ಹಿಂದೆ ಬರುತ್ತಿದ್ದ ಮಿಂಚಕ್ಕ ಅದನ್ನು ಎಡವಿದಳು. ಕಾಲಿಗಿಂತ ಮೊದಲು ಮನಸ್ಸಿಗೆ ಏನೋ ಚುಚ್ಚಿತು.

ಹೋಟೆಲಿನ ಮೇಜಿನ ಹಿಂದೆ ಕೂತಿದ್ದ ಹೆಂಗಸು ಕನ್ನಡಕ ಮೇಲೇರಿಸಿ ಮುಖವರಳಿಸಿದಳು. "ಬನ್ನಿ ಮೇಡಂ, ಬನ್ನಿ. ನೀವು ಯಾವಾಗಲೂ ಇರೋ ರೂಮೇ ಇಟ್ಟಿದೀನಿ. ಇವರೇನಾ ಅಕ್ಕ? ಅಂತೂ ಕರ್ಕೊಂಡು ಬಂದ್ರಲ್ಲ!"

ಮಿಂಚಕ್ಕ ಬೀಗದಕೈ ತೆಗೆದುಕೊಂಡಳು. ರೂಮಿನ ಬಾಗಿಲು ಹಾಕಿ, ಚೀಲ ನೆಲಕ್ಕಿಟ್ಟು, ಮಂಚದ ಅಂಚಿನಲ್ಲಿ ಕೂತಳು. ಒಂದೇ ಕಿಟಕಿ. ಅದರಾಚೆ ಇಕ್ಕಟ್ಟಾದ ಬೀದಿ, ಬೀದಿಯಾಚೆ ಬಣ್ಣ ಸುಲಿದ ಒಂದು ಮನೆ, ಅದರ ಮೇಲ್ಮಹಡಿಯ ಕಟಾಂಜನ ಹಿಡಿದು ಒಬ್ಬ ಮುದುಕ ನಿಂತಿದ್ದ. ಇಸ್ತ್ರಿ ಮಾಡಿದ ಷರಟು. ಹುಬ್ಬಿಗೆ ಕೈಮರೆ ಮಾಡಿಕೊಂಡು ಈ ಕಿಟಕಿಯನ್ನೇ ನೋಡುತ್ತಿದ್ದ. ನಿಲ್ಲುವಾಗ ಒಂದು ಭುಜ ಕೆಳಗೆ ಬಿಡುವ ಆ ರೀತಿ ಮೂವತ್ತೈದು ವರ್ಷದಲ್ಲಿ ಬದಲಾಗಿರಲಿಲ್ಲ.

ಮಿಂಚಕ್ಕ ಎದ್ದು ಪರದೆ ಎಳೆದಳು.

"ಎಷ್ಟು ವರ್ಷದಿಂದ?"

"ಹನ್ನೊಂದು," ಎಂದಳು ಪುಟ್ಟಿ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. "ಅಪ್ಪನ ಜೊತೆ ಇದ್ದ ಆ ಹೆಂಗಸು ತೀರಿಕೊಂಡ ಮೇಲೆ ಸ್ಕೂಲಿನ ವಿಳಾಸಕ್ಕೆ ಬರೆದ್ರು. ಹರಿದು ಹಾಕೋಣ ಅಂದ್ಕೊಂಡೆ, ಆಗ್ಲಿಲ್ಲ. ಒಬ್ಬರೇ ಇದಾರಕ್ಕ. ಈಗ ಎದೆನೋವು. ಒಂದ್ಸಲ ನಿನ್ನ ಮುಖ ನೋಡ್ಬೇಕಂತೆ."

"ತರಬೇತಿ ತರಬೇತಿ ಅಂತ ವರ್ಷಕ್ಕೆರಡು ಸಲ ಬರ್ತಿದ್ದದ್ದು ಇಲ್ಲಿಗಾ?"

"ಹೂಂ."

"ಅಮ್ಮಂಗೆ ಗೊತ್ತಿತ್ತಾ?"

"ಕಣ್ಣು ತೋರಿಸೋಕೆ ಅಂತ ಒಂದ್ಸಲ ಕರ್ಕೊಂಡು ಬಂದಿದ್ನಲ್ಲ, ಆಗ. ಇದೇ ರೂಮಲ್ಲಿದ್ವಿ."

ಮಿಂಚಕ್ಕನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅಮ್ಮನ ಕಣ್ಣಿಗೆ ಏನಾಗಿದೆಯೋ ಎಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅಮ್ಮ ವಾಪಸು ಬಂದು, "ಏನೂ ತೊಂದ್ರೆ ಇಲ್ವಂತೆ ಮಗಳೇ," ಎಂದು ಅವಳ ತಲೆ ಸವರಿದ್ದಳು.

"ಫೋನು ಮಾಡ್ತಿದ್ಯಾ?"

"ಅವರಿಗೆ ಕಿವಿ ಕೇಳಿಸಲ್ಲ. ಕಾಗದ ಬರೀತಿದ್ದೆ."

"ಕಾಗದ? ಎಲ್ಲಿಂದ ಹಾಕ್ತಿದ್ದೆ? ನಮ್ಮೂರಿಂದ ಇಲ್ಲಿಗೆ ಬರೋ ಟಪಾಲೆಲ್ಲ ನನ್ನ ಕೈಮೇಲೇ ಹೋಗ್ಬೇಕಲ್ಲೇ!"

ಪುಟ್ಟಿಯ ದನಿ ಇಳಿಯಿತು. "ನೀನು ಹೆಸರು ಓದಲ್ಲ ಅಂತ ನೀನೇ ಹೇಳ್ತಿದ್ಯಲ್ಲಕ್ಕ. ಅಕ್ಷರದ ಗುರುತು ಸಿಗತ್ತೇನೋ ಅಂತ ವಿಳಾಸ ಮಾತ್ರ ಎಡಗೈಲಿ ಬರೀತಿದ್ದೆ."

ಮಿಂಚಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. ಕೆನೆಬಣ್ಣದ ಉದ್ದ ಲಕೋಟೆ. ಅಕ್ಕಪಕ್ಕದ್ದನ್ನೆಲ್ಲ ಅಂಟಿಸಿಕೊಂಡು ಬರುತ್ತಿದ್ದದ್ದು. ಆಮೇಲೆ ಅಂಟದೆ ಬಂದದ್ದು. ಗೋಂದು ಹೆಚ್ಚಾಯಿತೆಂದು ಅವಳು ಹೇಳಿದ್ದು ಪ್ರಪಂಚದಲ್ಲಿ ಒಬ್ಬಳಿಗೇ.

"ನೀನಾ ಗೋಂದಮ್ಮ," ಎಂದಳು.

ಪುಟ್ಟಿ ಅಳತೊಡಗಿದಳು. "ನಿನಗೆ ನೋವಾಗತ್ತೆ ಅಂತ ಹೇಳ್ಲಿಲ್ಲಕ್ಕ, ದೇವರಾಣೆಗೂ."

"ಆಣೆ ಮಾಡ್ಬೇಡ ನನ್ನ ಮುಂದೆ." ಮಿಂಚಕ್ಕನ ದನಿ ಏರಲಿಲ್ಲ. "ಅವನು ಹೋದಾಗ ನಾನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಕಣೆ. ಯಾಕೆ ಹೇಳು? ನೀನಿದ್ದೆ. ನೀನು ಅವನಿಗೆ ಬರೆದದ್ದು ತಪ್ಪು ಅನ್ನಲ್ಲ, ನಿನಗೂ ಅಪ್ಪನೇ. ಆದ್ರೆ ನನ್ನ ಕೈಯಿಂದಲೇ ಹಾಕಿಸಿದ್ಯಲ್ಲ! ನಾನು ಮನೆಗೆ ಬಂದು ನಗ್‌ನಗ್ತಾ ಹೇಳ್ದೆ, ನೀನೂ ನಕ್ಕೆ, ನಕ್ಕು ಗೋಂದು ಕಮ್ಮಿ ಮಾಡ್ದೆ. ಅವತ್ತು ನಿನಗೆ ನಿಜ ಹೇಳ್ಬೇಕು ಅನ್ನಿಸ್ಲಿಲ್ವಾ?"

ಪುಟ್ಟಿ ಕಣ್ಣೊರೆಸಿಕೊಂಡಳು. "ಐದೇ ನಿಮಿಷ ಬಾಕ್ಕ," ಎಂದಷ್ಟೇ ಅಂದಳು. "ಬೆಳಿಗ್ಗೆಯಿಂದ ನಿಂತೇ ಇದಾರೆ."

"ನಾನು ಮೂವತ್ತೈದು ವರ್ಷದಿಂದ ನಿಂತಿದೀನಿ," ಎಂದು ಮಿಂಚಕ್ಕ ಚೀಲ ಎತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಮಂಡಿ ಹಿಡಿಯಿತು. ಈ ಹೋಟೆಲಿನಲ್ಲಿ ಲಿಫ್ಟಿಲ್ಲವೆಂದು ಆಗ ಅವಳ ಗಮನಕ್ಕೆ ಬಂತು.

ಅವಳು ಏಳನೇ ಬಡಾವಣೆಗೆ ಹೋದಳು. ಹೋಟೆಲಿನವನು ದನಿಯಿಂದಲೇ ಗುರುತು ಹಿಡಿದು, "ಅಂತೂ ಬಂದ್ರಾ!" ಎಂದು ಅದೇ ಎರಡು ಕಿಟಕಿಯ ರೂಮಿನ ಬೀಗದಕೈ ಕೊಟ್ಟ. ಒಂದು ಕಿಟಕಿಯಲ್ಲಿ ಹೊಳೆ ಕಂಡಿತು, ಇನ್ನೊಂದರಲ್ಲಿ ಮಕ್ಕಳು ಆಡುವ ಬೀದಿ. ಬಚ್ಚಲ ನೆಲ ಜಾರುತ್ತಿರಲಿಲ್ಲ. ಎಲ್ಲವೂ ಅವಳು ಎಣಿಸಿದಂತೆಯೇ ಇತ್ತು. ಅವಳು ಬಾಗಿಲು ಹಾಕಿಕೊಂಡು ದಿಂಬಿಗೆ ಮುಖ ಒತ್ತಿ, ಹದಿನೇಳರ ವಯಸ್ಸಿನಲ್ಲಿ ಅಳದಿದ್ದ ಅಳುವನ್ನೆಲ್ಲ ಅತ್ತಳು. ಸಂಜೆ ಕೆಳಗಿನ ಅಂಗಡಿಯಲ್ಲಿ ಹೊಳೆಯ ಚಿತ್ರವಿದ್ದ ಒಂದು ಕಾರ್ಡು ಕೊಂಡಳು. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಬರೆಯಲು ಅವಳಿಗಿದ್ದದ್ದು ಒಂದೇ ಹೆಸರು, ಪುಟ್ಟಿಯದು. ಕಾರ್ಡನ್ನು ಹಾಗೇ ಚೀಲದೊಳಗೆ ಹಾಕಿದಳು.

ಊರಿಗೆ ಬಂದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇದ್ದರು. ಅನ್ನ ಇಬ್ಬರಿಗೂ ಆಗುತ್ತಿತ್ತು, ಮಾತು ಆಗುತ್ತಿರಲಿಲ್ಲ. ಪುಟ್ಟಿ ಬಾಗಿಲ ಬಳಿ ನಿಂತು, "ಅಕ್ಕ," ಎನ್ನುತ್ತಿದ್ದಳು. ಮಿಂಚಕ್ಕ "ಹೂಂ" ಎನ್ನುತ್ತಿದ್ದಳು. ಅದರಾಚೆಗೆ ಇಬ್ಬರಿಗೂ ದಾರಿ ಕಾಣುತ್ತಿರಲಿಲ್ಲ.

ಮುಂದಿನ ತಿಂಗಳ ಮೊದಲ ವಾರ, ವಿಂಗಡಣೆಯ ಮೇಜಿನ ಮೇಲೆ ಮೂಟೆ ಸುರಿದಾಗ, ಕೆನೆಬಣ್ಣದ ಲಕೋಟೆ ಬಂತು. ಮೊದಲಿನ ಹಾಗೆ ಗೋಂದು ಧಾರಾಳವಾಗಿ ಬಳಿದಿತ್ತು; ಅಕ್ಕಪಕ್ಕದ ಮೂರು ಕಾಗದಗಳನ್ನು ಅಂಟಿಸಿಕೊಂಡಿತ್ತು. ವಿಳಾಸ ಬಲಗೈಯಲ್ಲಿ ಬರೆದದ್ದು. ಕಪ್ಪುಹಲಗೆಯ ಮೇಲೆ ಬರೆದ ಹಾಗೆ ದುಂಡಗಿನ ಅಕ್ಷರ, ಮಿಂಚಕ್ಕ ತಾನೇ ಕೈಹಿಡಿದು ತಿದ್ದಿಸಿದ ಅಕ್ಷರ. ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ.

ಮಿಂಚಕ್ಕ ಅಂಟಿದ್ದನ್ನು ನಿಧಾನವಾಗಿ ಬಿಡಿಸಿದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಹೆಸರು ಓದಿದಳು. ಮನೆಯಲ್ಲಿ ಯಾರೂ ಎತ್ತಬಾರದೆಂದು ತಾನೇ ಅಪ್ಪಣೆ ಮಾಡಿದ್ದ ಹೆಸರು. ಕಾಗದ ಅವಳದಲ್ಲ, ತಡೆಯುವ ಹಕ್ಕೂ ಅವಳಿಗಿಲ್ಲ. ಹತ್ತೊಂಬತ್ತನೇ ಗೂಡಿಗೆ ಹಾಕಿದಳು.

ಆಮೇಲೆ ಮುಂದಿನದನ್ನು ಎತ್ತಿಕೊಂಡಳು. ಕೊನೆಯ ಎರಡು ಅಂಕಿ ಕಾಣುತ್ತಿತ್ತು, ಆದರೆ ಕಣ್ಣು ಮೇಲಕ್ಕೆ ಹೋಯಿತು. ಯಾರಿಗೆ? ಓದಿದಳು. ಹಿಂದೆ ತಿರುಗಿಸಿ ಯಾರಿಂದ ಎಂದೂ ಓದಿದಳು. ಅದರ ಮುಂದಿನದನ್ನೂ ಹಾಗೇ.

"ಏನು ಮಿಂಚಕ್ಕ, ಇವತ್ತು ಕೈ ಓಡ್ತಾ ಇಲ್ಲ?" ಎಂದು ಪಕ್ಕದ ಮೇಜಿನವಳು ಕೇಳಿದಳು.

"ಓಡಲ್ಲ ಕಣೆ," ಎಂದು ಮಿಂಚಕ್ಕ ಇನ್ನೊಂದು ಲಕೋಟೆಯನ್ನು ಬೆಳಕಿಗೆ ಹಿಡಿದಳು.