ಬಾಣಂತನಕ್ಕೆ ಸಾಕಿದ ಕೋಳಿಗಳು

ಚೊಚ್ಚಿಲ ಬಾಣಂತನ ತವರಿನಲ್ಲೇ ಆಗಬೇಕು. ವಿಜಯಪುರ ಬಿಟ್ಟು ಈ ಮಹಾನಗರದ ಆಂಟಾಪ್ ಹಿಲ್‌ನ ಸಾಲು ಖೋಲಿಗಳ ಚಾಳಿಗೆ ಬಂದ ಮೇಲೂ ನಾನು ಬಿಡದ ಪದ್ಧತಿ ಇದೊಂದೇ. ಮಗಳು ಶುಭಾಂಗಿ ಬಸುರಿ ಎಂದು ತಿಳಿದದ್ದೇ ಖೋಲಿಯ ಹಿಂದಿನ ತುಂಡು ನೆಲದಲ್ಲಿ ಸಬ್ಬಸಿಗೆ, ಮೆಂತ್ಯ ಹಾಕಿದೆ. ತತ್ತಿಗೆಂದು ಜವಾರಿ ಕೋಳಿ ತಂದೆ. ಅವಳ ತಲೆಗೆ ಎಣ್ಣೆ ಒತ್ತಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು. ಅಷ್ಟೇ ನನ್ನ ಆಸೆ.

ತಂದದ್ದೇ ತಡ, ಆ ಹಾಳಾದವು ಬಿತ್ತಿದ್ದನ್ನೆಲ್ಲ ಕೆದರಿ ಹಾಕಿದವು! ಕೂಡಿಹಾಕಿದೆ; ಮುನಿಸಿಕೊಂಡು ತತ್ತಿ ಇಡುವುದನ್ನೇ ಬಿಟ್ಟವು. ಕಡೆಗೆ ಕೋಳಿಗಳನ್ನು ತಿರುಗಾಡಲು ಬಿಟ್ಟು, ಸೊಪ್ಪು-ಪಲ್ಲೆಯ ಮಡಿಗೇ ಕೋಲು ನೆಟ್ಟು ಮೀನಿನ ಬಲೆ ಹೊದಿಸಿದೆ. ಹೆಗ್ಗಣದ ಕಾಟಕ್ಕೆ ಸಂಜೆಯಾದರೆ ಗೂಡಿಗೆ ಅಗುಳಿ.

"ಭಾಗವ್ವಾ, ಪಲ್ಲೆಕ್ಕ ಜೇಲು, ಕೋಳಿಗಿ ಸ್ವರಾಜ್ಯ ಏನವಾ?" ಎಂದು ಪಕ್ಕದ ಖೋಲಿಯ ಸುಂದ್ರವ್ವ ನಕ್ಕಳು. ನಗಲಿ, ಅವಳ ಗಂಟೇನು ಹೋಯಿತು?

ಏಳು ತಿಂಗಳು ತುಂಬಿದಾಗ ಕಾಂದಿವಲಿಯ ಗಂಡನ ಮನೆಯಿಂದ ಶುಭಾಂಗಿ ಫೋನ್ ಮಾಡಿದಳು. "ಅವ್ವಾ, ಅಲ್ಲಿ ಮುರ್ಗಿ ಅದಾವಲ್ಲ, ಸ್ಮೆಲ್ ಬರ್ತದ. ಹೆಂಗ ಬರ್ಲಿ?"

ಅಷ್ಟೇ ತಾನೆ! ಗೂಡನ್ನು ದೂರದ ಗೋಡೆಗೆ ಸರಿಸಿದೆ. ದಿನಾ ಹಿಕ್ಕೆ ಬಳಿದು ಬೂದಿ ಹಾಕಿದೆ.

"ಇನ್‌ಫೆಕ್ಷನ್ ಆದ್ರ?" ಎಂದಳು ಮುಂದಿನ ವಾರ.

ಕಲ್ಯಾಣದ ಕಡೆ ತೋಟ ಕಾಯುವ ಸುಂದ್ರವ್ವನ ತಮ್ಮನನ್ನು ಕರೆಸಿ ಎಲ್ಲ ಕೋಳಿಗಳನ್ನೂ ಕೊಟ್ಟುಬಿಟ್ಟೆ. ಬುಟ್ಟಿಯೊಳಗಿಂದ ಅವು ಕೂಗುತ್ತಲೇ ಹೋದವು. ಕೂಡಲೇ ಮಗಳಿಗೆ ಫೋನ್ ಹಚ್ಚಿದೆ.

"ಮುರ್ಗಿ ಹೋದುವು ಮಗಳ. ಫಿನಾಯಿಲ್ ಹಾಕಿ ತೊಳದೀನಿ. ಯಾವಾಗ ಬರ್ತಿ?"

ಆ ಕಡೆ ಅವಳು ಟಿವಿಯ ಸದ್ದು ತಗ್ಗಿಸಿದಳು.

"ಅವ್ವಾ, ಮುರ್ಗಿದು ಪ್ರಾಬ್ಲೆಮ್ ಇರಲಿಲ್ಲ. ನಂಗ ಇಲ್ಲೇ ಅಚ್ಛಾ ಅನಸ್ತದ. ಚಾಳಿಗಿ ಬರೂ ಮನಸಿಲ್ಲ. ನಿಂಗ ಹೆಂಗ ಹೇಳಬೇಕಂತ..." ಅಳತೊಡಗಿದಳು.

"ಹುಚ್ಚಿ, ಅಷ್ಟಕ್ಕ ಅಳ್ತಾರೇನ? ಅಲ್ಲೇ ಆರಾಮ ಇರು" ಎಂದೆ. ಫೋನ್ ಇಟ್ಟ ಮೇಲೆ ಹಿಂದೆ ಹೋಗಿ ಖಾಲಿ ಗೂಡಿನ ಮುಂದೆ ಕೂತೆ. ಇಷ್ಟು ದಿನ ನಾನು ಬೈದದ್ದೆಲ್ಲ ಆ ಕೋಳಿಗಳನ್ನು. ಪಾಪ, ಅವೇನು ಮಾಡಿದ್ದವು!

ಬೆಳಿಗ್ಗೆ ನಳದ ಹತ್ತಿರ ಸುಂದ್ರವ್ವ ಕೇಳಿದಳು: "ಕೋಳಿ ಅಂತೂ ಹೋದುವು. ಇನ್ನ ಮಗಳು ಬರ್ತಾಳಲ್ಲ?"

ಕೋಳಿಗಳಿದ್ದಿದ್ದರೆ ತಪ್ಪನ್ನು ಅವುಗಳ ಮೇಲಾದರೂ ಹಾಕುತ್ತಿದ್ದೆ.

"ಬರ್ತಾಳವಾ" ಎಂದೆ. "ಬರಲಾರದ ಏನ ಮಾಡ್ತಾಳ."